ಎಂಟು ತುಂಡು ಜರತಾರಿ

ಬಾದುವಾನ್‌ಜಿನ್‌ನ ಕೊನೆಯ ಚಲನೆ ನೋಡುವುದಕ್ಕೆ ಏನೂ ಅಲ್ಲ. ಪಾದ ಜೋಡಿಸಿ ನಿಂತು ಹಿಮ್ಮಡಿಗಳನ್ನು ಮೆಲ್ಲನೆ ಎತ್ತಬೇಕು, ಒಂದು ಕ್ಷಣ ಹಾಗೇ ನಿಲ್ಲಬೇಕು, ಆಮೇಲೆ ಅರ್ಧ ಇಳಿದು ಹಿಮ್ಮಡಿ ನೆಲಕ್ಕೆ ಹಗುರಾಗಿ ತಾಗುವಂತೆ ಬಿಡಬೇಕು. ಹೀಗೆ ಏಳು ಸಲ. ಮೊದಲ ವಾರ ಮೂರನೆಯ ಸಲಕ್ಕೇ ನನ್ನ ಮೀನಖಂಡ ನಡುಗಿ ಗೋಡೆ ಹಿಡಿದುಕೊಂಡಿದ್ದೆ.

ಚೀನಾದ ಚೀಗಾಂಗ್ ಪದ್ಧತಿಗಳಲ್ಲಿ ಇದೊಂದು. ಹೆಸರಿನ ಅರ್ಥ ಎಂಟು ತುಂಡು ಜರತಾರಿ ರೇಷ್ಮೆ. ‘ಚೀ’ ಎಂದರೆ ಉಸಿರು, ಪ್ರಾಣಶಕ್ತಿ. ‘ಗಾಂಗ್’ ಎಂದರೆ ದಿನವೂ ಮಾಡಿ ಮಾಡಿ ಬಂದ ಪಳಗಿಕೆ. ಈ ಬಗೆಯ ಅಂಗಸಾಧನೆ ಬಹಳ ಹಳೆಯದು: 1973ರಲ್ಲಿ ಹುನಾನ್‌ನ ಮಾವಾಂಗ್‌ದುಯಿಯಲ್ಲಿ, ಕ್ರಿ.ಪೂ. 168ರ ಗೋರಿಯೊಂದರಲ್ಲಿ ಸಿಕ್ಕ ರೇಷ್ಮೆಯ ಮೇಲೆ ಬಾಗುವ, ಚಾಚುವ 44 ಆಕೃತಿಗಳಿವೆ. ಎಲ್ಲವನ್ನೂ ಚೀಗಾಂಗ್ ಎಂದು ಒಂದೇ ಹೆಸರಿನಿಂದ ಕರೆಯುವ ರೂಢಿ ಮಾತ್ರ ಹೊಸದು. ತನ್ನ ಹೊಟ್ಟೆಹುಣ್ಣು ಈ ಸಾಧನೆಯಿಂದಲೇ ವಾಸಿಯಾಯಿತೆಂದು ನಂಬಿದ್ದ ಲಿಯು ಗುಯಿಜೆನ್ 1950ರ ದಶಕದಲ್ಲಿ ಆರೋಗ್ಯಧಾಮಗಳ ಮೂಲಕ ಅದನ್ನು ಹರಡಿದ. ಸಾಂಸ್ಕೃತಿಕ ಕ್ರಾಂತಿ ಅದನ್ನು ಹತ್ತಿಕ್ಕಿತು. 1980ರ ದಶಕದಲ್ಲಿ ಅದು ಮತ್ತೆ ಎದ್ದಿತು, ಜೊತೆಗೆ ಮುಟ್ಟದೆಯೇ ರೋಗ ಕಳೆಯುತ್ತೇವೆನ್ನುವ ಗುರುಗಳೂ ಎದ್ದರು. 1999ರಲ್ಲಿ ಚೀಗಾಂಗ್ ಸಾಧನೆಯ ಪಂಥವಾದ ಫಾಲುನ್ ಗಾಂಗ್ ನಿಷೇಧವಾಯಿತು. 2003ರಲ್ಲಿ ಸರ್ಕಾರದ ಕ್ರೀಡಾ ಆಡಳಿತ ನಾಲ್ಕು ಪದ್ಧತಿಗಳನ್ನು ಪರಿಷ್ಕರಿಸಿ ಪ್ರಕಟಿಸಿತು. ನಾನು ಕಲಿತದ್ದು ಅವುಗಳಲ್ಲೊಂದಾದ, ಸುಮಾರು 12 ನಿಮಿಷದ ಈ ಪಾಠ.

ಇದರ ರಚನೆ ನನಗೆ ಬಹಳ ಹಿಡಿಸಿತು. ಎರಡನೆಯ ಚಲನೆಯನ್ನೇ ನೋಡಿ. ಕಾಲು ಅಗಲಿಸಿ ಕುದುರೆ ಹತ್ತಿದಂತೆ ಕುಗ್ಗಬೇಕು; ಒಂದು ಕೈ ಬಿಲ್ಲನ್ನು ದೂಡುತ್ತದೆ, ಇನ್ನೊಂದು ಹೆದೆಯನ್ನು ಭುಜದತ್ತ ಎಳೆಯುತ್ತದೆ, ಕಣ್ಣು ಚಾಚಿದ ಬೆರಳನ್ನು ಹಿಂಬಾಲಿಸುತ್ತದೆ. ಬಿಲ್ಲಿಲ್ಲ, ಆದರೂ ಬೆನ್ನಿನ ಎಲುಬುಗಳ ನಡುವೆ ಅದರ ಬಿಗಿ ತಿಳಿಯುತ್ತದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಮುಚ್ಚಿಹೋದ ಎದೆ ತೆರೆದುಕೊಳ್ಳುತ್ತದೆ. ಕಣ್ಣು ಬೆರಳಿನಲ್ಲಿ ನೆಟ್ಟಾಗ ತಲೆಯೊಳಗಿನ ಲೆಕ್ಕಾಚಾರ ತಾನಾಗಿ ನಿಲ್ಲುತ್ತದೆ. ಮನಸ್ಸನ್ನು ಖಾಲಿಮಾಡು ಎಂದು ಗದರದೆ, ಅದಕ್ಕೊಂದು ಕೆಲಸ ಕೊಟ್ಟು ಸುಮ್ಮನಾಗಿಸುವ ಉಪಾಯ ಇದು. ನಮ್ಮಲ್ಲೇ ಯೋಗವಿರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ಆಸನದಲ್ಲಿ ತಲುಪಿ ನಿಲ್ಲುತ್ತೇವೆ. ಇಲ್ಲಿ ಹೆಚ್ಚಿನ ಹೊತ್ತು ಹರಿಯುತ್ತಲೇ ಇರುತ್ತೇವೆ. ನೆಲಕ್ಕೆ ಕೂತರೆ ಏಳಲಾಗದವರಿಗೆ ಈ ವ್ಯತ್ಯಾಸ ದೊಡ್ಡದು. (ದಕ್ಷಿಣ ಭಾರತದ ಬೋಧಿಧರ್ಮನೇ ಚೀನೀಯರಿಗೆ ಯಿಜಿನ್‌ಜಿಂಗ್ ಎಂಬ ಪದ್ಧತಿ ಕಲಿಸಿದನೆಂದು ನಾವು ಬೀಗಬೇಕಾಗಿಲ್ಲ, ಅದರ ಗ್ರಂಥ 17ನೇ ಶತಮಾನದ್ದೆಂಬುದು ವಿದ್ವಾಂಸರ ಅಭಿಪ್ರಾಯ.)

ನನ್ನ ತಕರಾರು ಇರುವುದು ಚಲನೆಗಳ ಹೆಸರಿನ ಬಗ್ಗೆ. ಮೂರನೆಯದು ಗುಲ್ಮ ಮತ್ತು ಜಠರಕ್ಕೆ, ಐದನೆಯದು ಹೃದಯದ ಬೆಂಕಿ ಕಳೆಯಲು, ಕೊನೆಯದಂತೂ ನೂರು ರೋಗಗಳಿಗೆ. ಅವು ಚೀನೀ ವೈದ್ಯದ ಹಳೆಯ ಪರಿಭಾಷೆ, ಲ್ಯಾಬ್ ರಿಪೋರ್ಟಿನದಲ್ಲ. ನಿದ್ದೆ, ರಕ್ತದೊತ್ತಡ ಸುಧಾರಿಸಿದ್ದನ್ನು ಕಂಡ ಅಧ್ಯಯನಗಳಿವೆ. ಆದರೆ ಅವುಗಳಲ್ಲಿ ಬಹಳಷ್ಟು ಸಣ್ಣವು, ಮೇಲಾಗಿ ತಾನು ಅಭ್ಯಾಸ ಮಾಡುತ್ತಿದ್ದೇನೆಂಬುದು ಮಾಡುವವನಿಗೆ ಗೊತ್ತೇ ಇರುತ್ತದೆ. ಶಿಬಿರವೊಂದರಲ್ಲಿ ಕಲಿಸುವವರ ಮಾತು ಕೇಳಿ ನಮ್ಮ ಭಾವ ಬಿಪಿ ಮಾತ್ರೆ ಬಿಟ್ಟರು. ಮೂರು ವಾರದಲ್ಲಿ ತಲೆಸುತ್ತಿ ಬಿದ್ದರು. ಅಂಥ ಮಾತು ಹೇಳಿದವರನ್ನು ನಾನು ಕ್ಷಮಿಸಲಾರೆ. ಪಾಠದೊಳಗೂ ಒಂದು ಕುಂದಿದೆ: ಐದನೆಯ ಚಲನೆಯಲ್ಲಿ ಆಳವಾಗಿ ಕುಗ್ಗಿ ಸೊಂಟ ತೂಗಬೇಕು, ಸವೆದ ಮೊಣಕಾಲಿಗೆ ಅದು ಹಿಂಸೆ. ನಾನು ಅರ್ಧಕ್ಕಷ್ಟೇ ಇಳಿಯುತ್ತೇನೆ.

ಅಮ್ಮನಿಗೆ ಎಂಬತ್ತೊಂದು. ಮೊದಲ ನಾಲ್ಕನ್ನು ಕುರ್ಚಿಯಲ್ಲಿ ಕೂತೇ ಮಾಡುತ್ತಾಳೆ. ಬಿಲ್ಲು ಎಳೆಯುವಾಗ ಪ್ರತಿಸಲ ಉಸಿರು ಬಿಗಿಹಿಡಿಯುತ್ತಾಳೆ. “ಬಿಡಮ್ಮ” ಎನ್ನುತ್ತೇನೆ, ಕೈ ಇಳಿಸುತ್ತ ಉಸಿರು ಬಿಟ್ಟು, ಇನ್ನೊಂದು ಪಕ್ಕಕ್ಕೆ ತಿರುಗುತ್ತಾಳೆ.