ತಿಮಿಂಗಿಲದ ಹಾಡಿಗೆ ಮನುಷ್ಯನ ಪಕ್ಕವಾದ್ಯ

ಗೂನುಬೆನ್ನಿನ ತಿಮಿಂಗಿಲದ ಧ್ವನಿಯನ್ನು ಹಾಡೆಂದು ಕರೆಯುವುದು ಕವಿಯ ಉತ್ಪ್ರೇಕ್ಷೆಯಲ್ಲ. ಬರ್ಮುಡಾ ದ್ವೀಪದ ಬಳಿ ಫ್ರಾಂಕ್ ವಾಟ್ಲಿಂಗ್ಟನ್ ಅವರು ಸಮುದ್ರದೊಳಗಿನಿಂದ ಮುದ್ರಿಸಿಕೊಂಡಿದ್ದ ಸದ್ದುಗಳನ್ನು ಪರಿಶೀಲಿಸಿದ ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ, ಅವುಗಳಲ್ಲಿ ಕ್ರಮ ತಪ್ಪದೆ ಮರಳಿ ಬರುವ ರಚನೆಯಿದೆಯೆಂದು 1971ರಲ್ಲಿ ತೋರಿಸಿದರು. ಒಂದು ಆವೃತ್ತಿ 30 ನಿಮಿಷಗಳವರೆಗೂ ಸಾಗಬಲ್ಲದು. ಹಾಡುವುದು ಗಂಡು ಮಾತ್ರ. ಒಂದು ಸಮುದಾಯದ ಗಂಡುಗಳೆಲ್ಲವೂ ಬಹುಮಟ್ಟಿಗೆ ಒಂದೇ ಹಾಡನ್ನು ಹಾಡುತ್ತವೆ. ಕಾಲಕ್ರಮದಲ್ಲಿ ಅದು ಅವೆಲ್ಲವುಗಳ ಕಂಠದಲ್ಲಿಯೂ ಒಟ್ಟಿಗೆ ಮಾರ್ಪಡುತ್ತದೆ ಎಂಬುದು ಇನ್ನೂ ಸೋಜಿಗದ ಸಂಗತಿ.

ಪೇನ್ 1970ರಲ್ಲಿ ಹೊರತಂದ ಧ್ವನಿಮುದ್ರಿಕೆಯಲ್ಲಿ ಮನುಷ್ಯನ ವಾದ್ಯವೊಂದೂ ಇಲ್ಲ. ಕೇಳುವವನಿಗೆ ಕೇಳುವುದಷ್ಟೇ ಕೆಲಸ. ಎಣ್ಣೆ, ಮಾಂಸಗಳ ರಾಶಿಯಾಗಿ ಕಂಡಿದ್ದ ಪ್ರಾಣಿಗೆ ಕಂಠವುಂಟೆಂದು ಲೋಕವು ಅರಿಯಿತು. ವಾಣಿಜ್ಯ ಬೇಟೆಯನ್ನು ನಿಲ್ಲಿಸಲು ಅಂತರರಾಷ್ಟ್ರೀಯ ಆಯೋಗವು 1982ರಲ್ಲಿ ಕೈಗೊಂಡ ನಿರ್ಣಯದ ಹಿಂದಿನ ಜನಾಭಿಪ್ರಾಯಕ್ಕೆ ಈ ಮುದ್ರಿಕೆಯೂ ಬಲವಿತ್ತಿತು.

ಅದೇ 1970ರಲ್ಲಿ ನ್ಯೂಯಾರ್ಕಿನಲ್ಲಿ ಅಲನ್ ಹೊವಾನೆಸ್ ಅವರ ವಾದ್ಯವೃಂದ ಕೃತಿಯೊಂದು ಪ್ರಯೋಗಗೊಂಡಿತು. ಅದರಲ್ಲಿ ತಿಮಿಂಗಿಲದ ಮುದ್ರಿತ ಧ್ವನಿಗೂ ಸ್ಥಾನವಿದೆ. ಕಡಲನ್ನು ಚಿತ್ರಿಸುವ ಅಬ್ಬರ ಕೊಂಚ ಹೆಚ್ಚೆನಿಸಿದರೂ, ಆ ಕಂಠವನ್ನು ವಾದ್ಯಗಳು ತುಳಿಯುವುದಿಲ್ಲ. ಎಲ್ಲಿ ಸುಮ್ಮನಿರಬೇಕೆಂದು ಬಲ್ಲ ಪಕ್ಕವಾದ್ಯದ ವಿನಯ ಅಲ್ಲಿದೆ.

ಡೇವಿಡ್ ರೊಥೆನ್‌ಬರ್ಗ್ ಅವರ ಪ್ರಯತ್ನ ಬೇರೆ ಬಗೆಯದು. ಹವಾಯಿಯ ಕಡಲಿನಲ್ಲಿ ದೋಣಿಯ ಮೇಲೆ ಕುಳಿತು ಅವರು ನುಡಿಸಿದ ಕ್ಲಾರಿನೆಟ್ ನೀರಿನೊಳಗಿನ ಧ್ವನಿವರ್ಧಕದ ಮೂಲಕ ತಿಮಿಂಗಿಲವನ್ನು ತಲುಪುತ್ತದೆ. ಇದು ಜುಗಲ್‌ಬಂದಿಯೆಂಬುದು ಅವರ ಆಶಯ. ತಿಮಿಂಗಿಲವು ತನ್ನ ಸ್ವರವನ್ನು ಬದಲಿಸಿ ಸ್ಪಂದಿಸಿತೆಂದು ಧ್ವನಿಯ ರೇಖಾಚಿತ್ರಗಳನ್ನು ಮುಂದಿಡುತ್ತಾರೆ. 2008ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಪ್ರಾಣಿಪ್ರೀತಿಗೆ ಕೊರತೆಯಿಲ್ಲ. ಆದರೆ ಸ್ವರ ಬದಲಾದುದು ಒಲವಿನಿಂದಲೋ ಕಿರಿಕಿರಿಯಿಂದಲೋ? ರೇಖಾಚಿತ್ರವು ಬದಲಾವಣೆಯನ್ನು ತೋರಿಸಬಲ್ಲದು, ಸಮ್ಮತಿಯನ್ನಲ್ಲ. ಒಂದೇ ಪಕ್ಷದವರು ಬರೆದಿಟ್ಟ ಖಾತೆಯನ್ನು ಪಾಲುದಾರಿಕೆಯ ಲೆಕ್ಕವೆಂದು ಯಾವ ವ್ಯಾಪಾರಿಯೂ ಒಪ್ಪುವುದಿಲ್ಲ.

ಸ್ಥಳದ ಔಚಿತ್ಯವೂ ಇಲ್ಲಿ ವಿಚಾರಣೀಯ. ಚಳಿಗಾಲದಲ್ಲಿ ಈ ತಿಮಿಂಗಿಲಗಳು ಹವಾಯಿಗೆ ಬರುವುದು ಸಂತಾನಕ್ಕಾಗಿ. ಕಣ್ಣಿನ ನೋಟ ಬೇಗನೆ ಮಸುಕಾಗುವ ನೀರಿನಲ್ಲಿ ಅವುಗಳಿಗೆ ಕಿವಿಯೇ ಆಧಾರ. ಹಡಗುಗಳ ಗದ್ದಲ ಅಲ್ಲಿ ಮೊದಲೇ ತುಂಬಿದೆ. ಕ್ಲಾರಿನೆಟ್ಟಿನ ಸದ್ದು ಅದರ ಮುಂದೆ ಅಲ್ಪವಿರಬಹುದು. ಆದರೂ ಹಡಗು ತನ್ನನ್ನು ಸಂಗೀತವೆಂದು ಹೇಳಿಕೊಳ್ಳುವುದಿಲ್ಲ.