ಗೆದ್ದವರ ಊರಿಗೆ ಹೋಗುವ ದಾರಿಯಲ್ಲಿ ಕೇಳಿದ ಕಥೆ

ಹೊನ್ನಾವರದಿಂದ ಶರಾವತಿಯಲ್ಲಿ ದೋಣಿಯೇರಿ 1623ರಲ್ಲಿ ಗೇರುಸೊಪ್ಪೆಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲೆಗೆ ಕಂಡದ್ದು ಪಾಳುಬಿದ್ದ ಅರಮನೆ, ಅದರ ಮೇಲೆ ಬೆಳೆದ ಮರಗಳು, ಅಲ್ಲೊಂದು ಇಲ್ಲೊಂದು ಗುಡಿಸಲು. ಈ ನಾಡಿನ ಕೊನೆಯ ರಾಣಿ ಹೇಗೆ ಸೋತಳೆಂಬುದನ್ನು ಆತ ಬರೆದಿಟ್ಟ.

ಅವನ ಪ್ರಕಾರ ರಾಣಿ ಪರವೂರಿನ ಸಾಮಾನ್ಯನೊಬ್ಬನಿಗೆ ಮನಸೋತು ಅಧಿಕಾರವನ್ನೂ ಅವನ ಕೈಗಿತ್ತಳು. ಅವನೋ ಸಿಂಹಾಸನಕ್ಕೇ ಕೈಹಾಕಿದ. ಆಕೆ ಪೋರ್ಚುಗೀಸರ ಮೊರೆಹೊಕ್ಕರೆ, ಅವನು ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕನನ್ನು ಕರೆದ. ಪೋರ್ಚುಗೀಸರ ನೆರವು ಬಂದದ್ದು ತಡವಾಗಿ, ಅದೂ ಅರೆಮನಸ್ಸಿನಿಂದ. ವೆಂಕಟಪ್ಪ ಮಾತ್ರ ತಡಮಾಡಲಿಲ್ಲ. ಕರೆದವನನ್ನೇ ಕೊಂದು, ರಾಣಿಯನ್ನು ಸೆರೆಯೊಯ್ದ.

ಪೋರ್ಚುಗೀಸರು ಗೆಳೆಯರನ್ನು ನಡುನೀರಿನಲ್ಲಿ ಕೈಬಿಡುವವರೆಂದು ದೆಲ್ಲಾ ವಾಲೆ ನೇರವಾಗಿಯೇ ಬರೆಯುತ್ತಾನೆ. ತಾನು ಅವರದೇ ರಾಯಭಾರಿಯ ಜೊತೆ ಹೊರಟಿದ್ದರೂ ಹೀಗೆ ಬರೆದದ್ದರಿಂದ ಆ ಮಾತಿಗೆ ತೂಕವಿದೆ. ಪ್ರೇಮದ ಭಾಗವನ್ನು ಮಾತ್ರ ಹಾಗೆಯೇ ನುಂಗಲಾಗದು. ಆ ರಾಯಭಾರ ಹೊರಟಿದ್ದು ಇಕ್ಕೇರಿಗೆ, ಗೆದ್ದವನ ಆಸ್ಥಾನಕ್ಕೆ. ಹೆಣ್ಣಿನ ಮನಸ್ಸು ಜಾರಿ ರಾಜ್ಯ ಹೋಯಿತೆಂದರೆ ಗೆದ್ದವನ ಲೆಕ್ಕ ಚುಕ್ತಾ!

ಅವನೇ ದಾಖಲಿಸಿದ 'ಮೆಣಸಿನ ರಾಣಿ' ಎಂಬ ಪೋರ್ಚುಗೀಸ್ ಅಡ್ಡಹೆಸರಿನಲ್ಲಿ ಬೇರೊಂದು ಕಾರಣ ಕೂತಿದೆ. ಘಟ್ಟದ ಕಾಳುಮೆಣಸು ಇಳಿಯುತ್ತಿದ್ದದ್ದು ಭಟ್ಕಳ, ಹೊನ್ನಾವರ, ಕುಮಟಾ ಬಳಿಯ ಮಿರ್ಜಾನದ ಬಂದರುಗಳಿಗೆ. ಭಟ್ಕಳವನ್ನು ಪೋರ್ಚುಗೀಸರು 1542ರಲ್ಲೇ ಸುಟ್ಟಿದ್ದರು. 1565ರಲ್ಲಿ ವಿಜಯನಗರದ ಆಸರೆ ಕುಸಿಯಿತು. ನಾಲ್ಕೇ ವರ್ಷಕ್ಕೆ ಹೊನ್ನಾವರದ ಕೋಟೆಯೂ ಪೋರ್ಚುಗೀಸರ ಪಾಲಾಯಿತು. ಕೆಳಗೆ ಫಿರಂಗಿ, ಮೇಲೆ ನಾಯಕರ ಸೈನ್ಯ. ಅತ್ತ ದರಿ, ಇತ್ತ ಪುಲಿ. ಇಂಥ ಆಸ್ಥಾನದಲ್ಲಿ ಒಬ್ಬರು ಸಮುದ್ರದ ಕಡೆ, ಇನ್ನೊಬ್ಬರು ಘಟ್ಟದ ಕಡೆ ವಾಲಲು ಪ್ರೇಮವೇ ಬೇಕೆ?

ಆ ರಾಣಿ ಚೆನ್ನಭೈರಾದೇವಿಯನ್ನು ನಾವು ಇಂದು ನೆನೆಯುವ ಬಗೆಯೂ ಅಷ್ಟೇ ಅರ್ಧಂಬರ್ಧ. ಭಾಷಣಗಳಲ್ಲಿ ಆಕೆ ಪೋರ್ಚುಗೀಸರನ್ನು ಎದುರಿಸಿದ ವೀರವನಿತೆ. ಕೊನೆಗೆ ಅವರ ಸಹಾಯವನ್ನೇ ಬೇಡಿದಳೆಂಬ ದೆಲ್ಲಾ ವಾಲೆಯ ಮಾತು ಯಾರಿಗೂ ಬೇಡ. ಆಕೆಯ ಆಳ್ವಿಕೆಯನ್ನು 1552ರಿಂದ 1606ರವರೆಗೆಂದು ಎಣಿಸುವುದು ರೂಢಿ. ಐವತ್ತಕ್ಕೂ ಹೆಚ್ಚು ವರ್ಷ ಇಬ್ಬರು ಬಲಾಢ್ಯರ ನಡುವೆ ನಾಡು ಉಳಿಸಿಕೊಳ್ಳುವುದಕ್ಕೆ ಕತ್ತಿಯೊಂದೇ ಸಾಲದು. ಆ ರಾಜಕಾರಣದ ಜಾಣ್ಮೆಗೆ ನಮ್ಮಲ್ಲಿ ಚಪ್ಪಾಳೆಯಿಲ್ಲ. ಕೆಳದಿಯ ಹೆಸರು ಬಂದಾಗಲಂತೂ ದನಿ ತಗ್ಗುತ್ತದೆ. ಪಾಪ, ಎರಡೂ ಮನೆಯವರು ನಮ್ಮವರೇ.

ಹೊನ್ನಾವರದ ಕೋಟೆ ಪೋರ್ಚುಗೀಸರ ಕೈತಪ್ಪಿದ್ದು 1654ರಲ್ಲಿ. ಕಿತ್ತುಕೊಂಡವನು ವೆಂಕಟಪ್ಪನ ವಂಶದ ಶಿವಪ್ಪ ನಾಯಕ.