ಉರಿಮೂತ್ರದ ಮದ್ದು: ತಲೆಕೆಳಗಾದ ಒಂದು ರೂಢಿ

ಮೂತ್ರಕ್ಕೆ ಕೂತರೆ ಉರಿ, ಎದ್ದ ಮರುಗಳಿಗೆಗೆ ಮತ್ತೆ ಅವಸರ, ಕಿಬ್ಬೊಟ್ಟೆಯಲ್ಲಿ ಹಿಂಡುವ ನೋವು. ಈ ತೊಂದರೆಗೆ ನಮ್ಮ ಊರುಗಳಲ್ಲಿ ಒಂದು ಚಿಕಿತ್ಸಾಕ್ರಮ ತಾನಾಗಿಯೇ ರೂಢಿಯಾಗಿಬಿಟ್ಟಿದೆ. ಮೊದಲ ದಿನ ಉಷ್ಣವೆಂದು ಎಳನೀರು, ಬಾರ್ಲಿ ನೀರು. ತಗ್ಗದಿದ್ದರೆ ಮೆಡಿಕಲ್‌ನಿಂದ ನಾಲ್ಕಾರು ನಾರ್‌ಫ್ಲಾಕ್ಸಾಸಿನ್ ಇಲ್ಲವೇ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ. ಅದೂ ಸಾಲದಿದ್ದರೆ ಕ್ಲಿನಿಕ್‌ನಲ್ಲಿ ಸೆಫಿಕ್ಸಿಮ್. ಚಳಿಜ್ವರ ಹತ್ತಿ, ಪಕ್ಕೆ ನೋಯತೊಡಗಿ ದೊಡ್ಡಾಸ್ಪತ್ರೆ ಸೇರಿದ ಮೇಲಷ್ಟೇ, ಯಾವ ಬ್ಯಾಕ್ಟೀರಿಯಾ ಯಾವ ಮದ್ದಿಗೆ ಬಗ್ಗುತ್ತದೆಂದು ತಿಳಿಸುವ ಮೂತ್ರದ ಕಲ್ಚರ್ ಪರೀಕ್ಷೆ. ಈ ಕ್ರಮದ ಒಂದೊಂದು ಹೆಜ್ಜೆಗೂ ಒಂದೊಂದು ಸಮರ್ಥನೆ ಇದೆ. ಒಟ್ಟು ಕ್ರಮ ಮಾತ್ರ ತಲೆಕೆಳಗಾಗಿದೆ ಎಂಬುದು ನನ್ನ ವಾದ.

ಸಮರ್ಥನೆಗಳನ್ನು ಮೊದಲು ಕೇಳಬೇಕು. ನೋವು ಕಾಯುವುದಿಲ್ಲ, ಕಲ್ಚರ್ ವರದಿಗೆ ಎರಡು ಮೂರು ದಿನ ಬೇಕು. ದಿನಗೂಲಿ ಬಿಟ್ಟು ಲ್ಯಾಬ್‌ಗೆ ಅಲೆಯುವುದಾಗಲಿ, ಇಂಥ ಜಾಗದ ತೊಂದರೆಯನ್ನು ಬಾಯಿಬಿಟ್ಟು ಹೇಳುವುದಾಗಲಿ ಹೆಣ್ಣುಮಕ್ಕಳಿಗೆ ಸುಲಭವಲ್ಲ. ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುವ ಸೋಂಕಿದು. ಆರೋಗ್ಯವಂತ ಹೆಂಗಸಿಗೆ ಬಂದ ಸರಳವಾದ ಮೂತ್ರಕೋಶದ ಸೋಂಕಿಗೆ ಲಕ್ಷಣ ನೋಡಿಯೇ ಮದ್ದು ಕೊಡಬಹುದೆಂದು ವೈದ್ಯಶಾಸ್ತ್ರವೂ ಒಪ್ಪುತ್ತದೆ. ಆದ್ದರಿಂದ ಕಲ್ಚರ್ ಮಾಡಿಸದೆ ಮದ್ದು ಶುರುಮಾಡಿದ್ದೇ ತಪ್ಪಲ್ಲ. ಯಾವ ಮದ್ದನ್ನು ಶುರುಮಾಡಿದೆವು, ಅದು ಸೋತ ಮೇಲೂ ಪರೀಕ್ಷೆಯನ್ನು ಯಾಕೆ ಮುಂದೂಡಿದೆವು ಎಂಬಲ್ಲಿ ತಪ್ಪಿದೆ.

ಇಂಥ ಸರಳ ಸೋಂಕುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರಕ್ಕೆ ಕಾರಣ ಇ. ಕೊಲೈ ಎಂಬ ಬ್ಯಾಕ್ಟೀರಿಯಾ. ಸಾಮಾನ್ಯವಾಗಿ ಅದು ರೋಗಿಯ ಕರುಳಿನಲ್ಲೇ ಮೊದಲು ನೆಲೆಸಿದ್ದು, ಹೆಂಗಸರ ಗಿಡ್ಡ ಮೂತ್ರನಾಳದ ಮೂಲಕ ಮೇಲೇರುತ್ತದೆ. ಹಾಗಾಗಿ ಉರಿಮೂತ್ರದ ಮಾತ್ರೆ ಫಲಿಸುತ್ತದೋ ಇಲ್ಲವೋ ಎಂಬುದು ಎಷ್ಟೋ ಸಲ ಉರಿ ಶುರುವಾಗುವ ಮೊದಲೇ ಕರುಳಿನಲ್ಲಿ ತೀರ್ಮಾನವಾಗಿರುತ್ತದೆ. ಹೋದ ತಿಂಗಳು ಭೇದಿಗೆಂದು ನುಂಗಿದ ನಾರ್‌ಫ್ಲಾಕ್ಸಾಸಿನ್-ಟಿನಿಡಜೋಲ್, ವೈರಸ್‌ನಿಂದ ಬಂದ ನೆಗಡಿಗೆ ಸುಮ್ಮನೆ ನುಂಗಿದ ಸೆಫಿಕ್ಸಿಮ್ ಅಲ್ಲಿ ಬಗ್ಗುವ ಬ್ಯಾಕ್ಟೀರಿಯಾಗಳನ್ನು ಕೊಂದು ಬಗ್ಗದವಕ್ಕೆ ಜಾಗ ತೆರವು ಮಾಡಿರುತ್ತವೆ. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಆ್ಯಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ನಿರೋಧ ಬೆಳೆಸಿಕೊಂಡ ಬ್ಯಾಕ್ಟೀರಿಯಾ ಸಿಗುವ ಸಂಭವ ಮೊದಲ ತಿಂಗಳಲ್ಲಿ ಅತಿ ಹೆಚ್ಚು. ಅದರ ಪ್ರಭಾವ ಹನ್ನೆರಡು ತಿಂಗಳವರೆಗೂ ಉಳಿಯಬಲ್ಲದು.

ಈ ನಿರೋಧದ ಚರಿತ್ರೆಯಲ್ಲಿ ಭಾರತದ ಹೆಸರು ಮತ್ತೆ ಮತ್ತೆ ಬರುತ್ತದೆ. ಸೆಫಿಕ್ಸಿಮ್ ಗುಂಪಿನ ಸೆಫಲೋಸ್ಪೊರಿನ್‌ಗಳನ್ನು ಒಡೆದುಹಾಕುವ ಸಿಟಿಎಕ್ಸ್-ಎಂ-15 ಕಿಣ್ವವನ್ನು ಮೊದಲು ಗುರುತಿಸಿದ್ದು ದೆಹಲಿಯ ಮಾದರಿಗಳಲ್ಲಿ. ಆ ವರದಿ ಬಂದದ್ದು 2001ರಲ್ಲಿ. ಕಾರ್ಬಪೆನೆಮ್‌ಗಳನ್ನೂ ಒಡೆಯುವ ಎನ್‌ಡಿಎಂ-1 ಕಿಣ್ವದ ಮೊದಲ ವರದಿ 2009ರದು. ದೆಹಲಿಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ್ದ ಭಾರತೀಯ ಮೂಲದ ರೋಗಿಯೊಬ್ಬರ ಮೂತ್ರದಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾದಲ್ಲಿ ಅದು ಪತ್ತೆಯಾಯಿತು. ಎನ್‌ಡಿ ಎಂದರೆ ನ್ಯೂ ಡೆಲ್ಲಿ; ಊರಿನ ಹೆಸರನ್ನು ಕಿಣ್ವಕ್ಕಿಟ್ಟದ್ದಕ್ಕೆ ನಾವು ಆಗ ತೋರಿದ ಸಿಟ್ಟಿನಷ್ಟು ಕಾಳಜಿಯನ್ನು ಅದು ಹರಡುವ ದಾರಿಗಳ ಬಗ್ಗೆ ತೋರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಕಣ್ಗಾವಲು ಜಾಲದ ವರದಿಗಳು ಹೇಳುವಂತೆ, 2016ರ ಸುಮಾರಿಗೆ ಐದರಲ್ಲಿ ನಾಲ್ಕಕ್ಕೂ ಹೆಚ್ಚು ಇ. ಕೊಲೈ ಮಾದರಿಗಳು ಕಾರ್ಬಪೆನೆಮ್ ಗುಂಪಿನ ಇಮಿಪೆನೆಮ್‌ಗೆ ಬಗ್ಗುತ್ತಿದ್ದವು. 2021ರ ಹೊತ್ತಿಗೆ ಆ ಪ್ರಮಾಣ ಮೂರರಲ್ಲಿ ಎರಡರ ಆಸುಪಾಸಿಗೆ ಇಳಿದಿತ್ತು. ಕೊನೆಯ ಆಸರೆಯೆಂದು ಇಟ್ಟುಕೊಂಡ ಇಂಜೆಕ್ಷನ್ನಿನ ಕಥೆಯಿದು.

ಕಾನೂನು ಏನು ಮಾಡಿತು? 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ ಔಷಧಿಯನ್ನು ಮಾರಿದರೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಸೆಫಿಕ್ಸಿಮ್, ಲೆವೊಫ್ಲಾಕ್ಸಾಸಿನ್, ಮೆರೊಪೆನೆಮ್ ಆ ಪಟ್ಟಿಯಲ್ಲಿವೆ. ಜನ ಉರಿಮೂತ್ರಕ್ಕೂ ಭೇದಿಗೂ ತಾವಾಗಿಯೇ ಕೇಳಿ ಪಡೆಯುವ ನಾರ್‌ಫ್ಲಾಕ್ಸಾಸಿನ್, ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್‌ಗಳು ಪಟ್ಟಿ ಬಂದಾಗ ಅದರಲ್ಲಿರಲಿಲ್ಲ. ಅವು ಹಳೆಯ ಶೆಡ್ಯೂಲ್ ಎಚ್‌ನಲ್ಲೇ ಉಳಿದವು. ಅವಕ್ಕೂ ಚೀಟಿ ಬೇಕೇ ಬೇಕು, ಆದರೆ ಎಚ್1ರಂತೆ ಪ್ರತ್ಯೇಕ ಪುಸ್ತಕದ ಲೆಕ್ಕವಿಲ್ಲ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲನ್ನು ತೆರೆದಿಟ್ಟಂತಾಯಿತು. ಪಕ್ಕದ ಕೇರಳ 2024ರಲ್ಲಿ ‘ಆಪರೇಷನ್ ಅಮೃತ್’ ಹೆಸರಿನಲ್ಲಿ ಚೀಟಿಯಿಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ದಿಢೀರ್ ತಪಾಸಣೆ ಶುರುಮಾಡಿತು. ಇರುವ ಕಾನೂನನ್ನೇ ಗಟ್ಟಿಯಾಗಿ ನಡೆಸಬಹುದು ಎಂಬುದಕ್ಕೆ ಅದು ಸಾಕ್ಷಿ.

ಇಷ್ಟೆಲ್ಲ ಹಾಳಾದರೂ ಉಳಿದುಕೊಂಡ ಒಂದು ಮಾತ್ರೆ ನೈಟ್ರೊಫ್ಯುರಾಂಟೊಯಿನ್. 1953ರಷ್ಟು ಹಳೆಯದು, ಅಗ್ಗದ್ದು. ನಮ್ಮ ದೇಶದ ಮೂತ್ರದ ಇ. ಕೊಲೈಗಳಲ್ಲಿ ಹೆಚ್ಚಿನವು ಇಂದಿಗೂ ಇದಕ್ಕೆ ಬಗ್ಗುತ್ತವೆ. ಸಿಪ್ರೊಫ್ಲಾಕ್ಸಾಸಿನ್‌ಗೆ ಹೆಚ್ಚಿನವು ಬಗ್ಗುವುದಿಲ್ಲ. ನೈಟ್ರೊಫ್ಯುರಾಂಟೊಯಿನ್ ಹೀಗೆ ಉಳಿದುಕೊಂಡದ್ದಕ್ಕೆ ಕಾರಣ ಅದರ ಗುಣದಲ್ಲೇ ಇದೆ. ಅದು ಬ್ಯಾಕ್ಟೀರಿಯಾದ ಒಂದೇ ಭಾಗದ ಮೇಲಲ್ಲ, ಹಲವು ಭಾಗಗಳ ಮೇಲೆ ಒಟ್ಟಿಗೆ ಎರಗುತ್ತದೆ. ಸಣ್ಣ ಕರುಳಿನಲ್ಲೇ ಹೀರಲ್ಪಟ್ಟು ನೇರ ಮೂತ್ರಕ್ಕೆ ಇಳಿಯುವುದರಿಂದ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳನ್ನು ಹೆಚ್ಚು ಕೆಣಕುವುದಿಲ್ಲ. ಬೇರೆ ಅಂಗಗಳ ಸೋಂಕಿಗೆ ಕೆಲಸಕ್ಕೆ ಬಾರದ್ದರಿಂದ ನೆಗಡಿ, ಭೇದಿಗಳಿಗೆ ದುರ್ಬಳಕೆಯೂ ಆಗಲಿಲ್ಲ. ಸಂಶೋಧನಾ ಮಂಡಳಿಯ ಮಾರ್ಗಸೂಚಿ ಸರಳ ಸೋಂಕಿಗೆ ಇದನ್ನೂ, ಒಂದೇ ಸಲ ಕುಡಿಯುವ 3 ಗ್ರಾಂ ಫಾಸ್ಫೊಮೈಸಿನ್ ಪುಡಿಯನ್ನೂ ಮುಂದಿಡುತ್ತದೆ. ನೈಟ್ರೊಫ್ಯುರಾಂಟೊಯಿನ್‌ಗೂ ಮಿತಿಯಿದೆ: ಸೋಂಕು ಕಿಡ್ನಿಗೇರಿದ್ದರೆ ಸಾಲದು, ಕಿಡ್ನಿ ತೀರ ಕುಂದಿದ್ದರೆ ಕೊಡುವಂತಿಲ್ಲ, ಪ್ರೋಟಿಯಸ್ ಜಾತಿಯ ಬ್ಯಾಕ್ಟೀರಿಯಾಗೆ ತಾಗುವುದಿಲ್ಲ. ಆದ್ದರಿಂದಲೇ ಅದು ವೈದ್ಯರ ಚೀಟಿಯ ಮೇಲೆಯೇ ಸಿಗಬೇಕು. ಅಂಗಡಿಯ ರೂಢಿ ಅದಕ್ಕೂ ಅಂಟಿಕೊಂಡರೆ ಈ ಆಸರೆಯೂ ಕಳಚುತ್ತದೆ.

ಲ್ಯಾಬ್ ಪರೀಕ್ಷೆಯ ವಿಷಯದಲ್ಲಿ ನಾವು ಎರಡು ಕಡೆಯಿಂದ ತಪ್ಪುತ್ತಿದ್ದೇವೆ. ಗರ್ಭಿಣಿ, ಗಂಡಸು, ಸಕ್ಕರೆ ಕಾಯಿಲೆಯವರು, ಜ್ವರ ಬಂದವರು, ಸೋಂಕು ಮರುಕಳಿಸಿದವರು ಇವರಿಗೆಲ್ಲ ಮೊದಲ ಮಾತ್ರೆಗೆ ಮುಂಚೆಯೇ ಕಲ್ಚರ್‌ಗೆ ಮೂತ್ರ ಕೊಡಿಸಬೇಕು, ಅದು ಆಗುತ್ತಿಲ್ಲ. ಇನ್ನೊಂದು ಕಡೆ, ಏನೂ ತೊಂದರೆಯಿಲ್ಲದ ಮುದುಕರ ಮೂತ್ರದಲ್ಲಿ, ಕ್ಯಾತಿಟರ್ ಹಾಕಿದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡಿತೆಂದು ವರದಿಗೇ ಮದ್ದು ಕೊಡುತ್ತಿದ್ದೇವೆ. ಗರ್ಭಿಣಿಯರನ್ನೂ ಮೂತ್ರಾಂಗದ ಕೆಲವು ಶಸ್ತ್ರಚಿಕಿತ್ಸೆಗೆ ಸಿದ್ಧರಾದವರನ್ನೂ ಬಿಟ್ಟರೆ ಬಹುತೇಕರಿಗೆ ಇದು ಬೇಕಿಲ್ಲ. ಕಣ್ಗಾವಲು ಜಾಲದ ಬಗ್ಗೆಯೂ ಒಂದು ಆಕ್ಷೇಪವಿದೆ: ಅದರ ಅಂಕಿಗಳು ಬಹುಪಾಲು ದೊಡ್ಡ ಆಸ್ಪತ್ರೆಗಳವು, ಎಷ್ಟೋ ಮದ್ದು ನುಂಗಿ ಸೋತುಬಂದವರವು. ಶಿರಸಿಯ ಅಥವಾ ಸಿಂಧನೂರಿನ ವೈದ್ಯರಿಗೆ ಬೇಕಾದದ್ದು ಅಲ್ಲಿನ ಜನರ ಮೂತ್ರದಲ್ಲಿ ಈ ವರ್ಷ ಯಾವ ಮದ್ದು ನಡೆಯುತ್ತಿದೆ ಎಂಬ ಒಂದು ಪುಟದ ಪಟ್ಟಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಕಲ್ಚರ್ ವ್ಯವಸ್ಥೆ ಬರದೆ ಅದು ಸಾಧ್ಯವಿಲ್ಲ.

ತಡೆಯುವ ಮಾತು ನಮ್ಮ ಚರ್ಚೆಯಲ್ಲಿ ಬರುವುದೇ ಕಡಿಮೆ. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ ಹೆಂಗಸರ ಮೇಲಿನ 2018ರ ಪ್ರಯೋಗವೊಂದರಲ್ಲಿ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚು ಕುಡಿದವರಿಗೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಎಂದರೆ ಎಳನೀರು ಕೊಟ್ಟ ಅಜ್ಜಿಯಂದಿರ ದಿಕ್ಕು ಸರಿಯಿತ್ತು. ಆದರೆ ಕೆಲಸದ ಜಾಗದಲ್ಲಿ, ಬಸ್ ನಿಲ್ದಾಣದಲ್ಲಿ ಹೋಗಬಲ್ಲಂಥ ಶೌಚಾಲಯವಿಲ್ಲದೆ ಬೇಕೆಂದೇ ನೀರು ಬಿಡುವ ಹೆಣ್ಣುಮಕ್ಕಳಿಗೆ ನೀರು ಕುಡಿಯಿರೆಂದು ಉಪದೇಶಿಸಿ ಫಲವಿಲ್ಲ. ಶೌಚಾಲಯ ಕಟ್ಟುವುದೂ ಆ್ಯಂಟಿಬಯೋಟಿಕ್ ಉಳಿಸುವ ಕೆಲಸವೇ.

ಹೊಸ ಔಷಧಿಗಳು ಬರುತ್ತಿವೆ. ಚೆನ್ನೈನ ಆರ್ಕಿಡ್ ಕಂಪನಿಯಲ್ಲಿ ಹುಟ್ಟಿದ ಎನ್ಮೆಟಾಜೊಬ್ಯಾಕ್ಟಮ್ ಸೆಫೆಪಿಮ್ ಜೊತೆ ಸೇರಿ, ಜಟಿಲ ಮೂತ್ರ ಸೋಂಕಿಗೆಂದು 2024ರಲ್ಲಿ ಅಮೆರಿಕದ ಅನುಮತಿ ಪಡೆಯಿತು. ಇದು ಹೆಮ್ಮೆಯ ಸಂಗತಿ. ಆದರೆ ನಾರ್‌ಫ್ಲಾಕ್ಸಾಸಿನ್ನನ್ನು ಕೆಡಿಸಿದ ಕೈಗಳಿಗೇ ಹೊಸದನ್ನೂ ಒಪ್ಪಿಸಿದರೆ ಅದರ ಆಯುಸ್ಸೂ ಅಷ್ಟೇ. ಸರಳ ಸೋಂಕಿಗೆ ಹಳೆಯ ಕಿರುವ್ಯಾಪ್ತಿಯ ಮಾತ್ರೆ, ಅದು ಸೋತ ಕೂಡಲೇ ಕಲ್ಚರ್, ಫ್ಲಾಕ್ಸಾಸಿನ್‌ಗಳೆಲ್ಲಕ್ಕೂ ಎಚ್1 ಪುಸ್ತಕದ ಲೆಕ್ಕ, ತಾಲ್ಲೂಕಿಗೊಂದು ಲ್ಯಾಬ್: ಈ ನಾಲ್ಕರಲ್ಲಿ ಯಾವುದಕ್ಕೂ ಹೊಸ ವಿಜ್ಞಾನ ಬೇಕಿಲ್ಲ. ರಾಜ್ಯದ ಆರೋಗ್ಯ ಇಲಾಖೆಯೂ ವೈದ್ಯರೂ ಔಷಧ ವ್ಯಾಪಾರಿಗಳೂ ಒಪ್ಪಿ ನಡೆದರೆ ಈ ವರ್ಷವೇ ಶುರುಮಾಡಬಹುದಾದ ಕೆಲಸವಿದು.